ಸರ್ ಎಂ. ವಿ. ಅವರೂ ಮೋಟಾರು ಕಾರೂ

ದೆಹಲಿಯ ಚಳಿಗಾಲಕ್ಕೂ ಹಳೆಯ ಮೋಟಾರು ಕಾರುಗಳಿಗೂ ಬಹುಕಾಲದ ನಂಟು. 1964ರಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯವರು ಇಂಥ ಕಾರುಗಳ ಮೆರವಣಿಗೆಯನ್ನು ಇಲ್ಲಿ ಆರಂಭಿಸಿದಂದಿನಿಂದ ಈ ಊರಿಗೆ ಆ ರುಚಿ ಹತ್ತಿತು. ರೋಲ್ಸ್ ರಾಯ್ಸ್, ಬೆಂಟ್ಲಿ, ಪ್ಯಾಕಾರ್ಡ್, ಕ್ಯಾಡಿಲ್ಯಾಕ್ ಮುಂತಾದ ಗಾಡಿಗಳು ದೀಪಗಳನ್ನೂ ಹಿತ್ತಾಳೆಯ ಕೊಂಬುಗಳನ್ನೂ ಹೊಳೆಯಿಸಿಕೊಂಡು ಸಾಲಾಗಿ ಹೊರಡುವುದನ್ನು ಕಾಣಲು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆಯರು ರಸ್ತೆಯ ಎರಡೂ ಬದಿಗೆ ನಿಲ್ಲುತ್ತಾರೆ. ಯಾವುದನ್ನು ಕೊಳ್ಳಬಹುದು, ಯಾವುದಕ್ಕೆ ಏನು ಬೆಲೆ ಬಂದೀತು ಎಂಬ ಚರ್ಚೆ ಅಲ್ಲಿ ಧಾರಾಳವಾಗಿ ನಡೆಯುತ್ತದೆ. ಕೊಳ್ಳುವವರು ಇಬ್ಬರಾದರೆ ಕನಸು ಕಾಣುವವರು ಇನ್ನೂರು ಜನ. ಆ ಇನ್ನೂರರಲ್ಲಿ ನಮ್ಮದೂ ಒಂದು ಸಂಖ್ಯೆಯೆಂದು ವಾಚಕರು ಬರೆದುಕೊಳ್ಳಬಹುದು.

ಆ ಸಾಲಿನ ಹಿಂಬದಿಯಲ್ಲಿ, ದೊಡ್ಡಮನೆಯ ಮದುವೆಗೆ ಬಂದ ಬಡ ನೆಂಟನಂತೆ, ಒಂದೆರಡು ಫಿಯಟ್ಟುಗಳೂ ಅಂಬಾಸಡರುಗಳೂ ಸಂಕೋಚದಿಂದ ನಿಂತಿರುವುದುಂಟು. ಮಹಾರಾಜರ ಗಾಡಿಗಳ ಮುಂದೆ ಅವನ್ನು ಯಾರು ಕೇಳಬೇಕು? ಆದರೆ ಕನ್ನಡಿಗರಾದ ನಮಗೆ ಈ ಬಡ ನೆಂಟನ ವಂಶಾವಳಿಯೇ ಹೆಚ್ಚು ಹತ್ತಿರದ್ದು. ಏಕೆಂದರೆ ಭಾರತದಲ್ಲಿ ಭಾರತೀಯರೇ ಮೋಟಾರು ಕಾರನ್ನು ತಯಾರಿಸಬೇಕೆಂಬ ಹಂಬಲವನ್ನು ಒಂದು ಯೋಜನೆಯ ರೂಪಕ್ಕೆ ಇಳಿಸಿ, ಅದನ್ನು ಹೊತ್ತುಕೊಂಡು ಸರ್ಕಾರಗಳ ಬಾಗಿಲಿಂದ ಬಾಗಿಲಿಗೆ ಅಲೆದವರು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ರಾಮಕೃಷ್ಣಪುರದ ಕರ್ನಾಟಕ ಸಂಘಕ್ಕೆ ಹೋಗಿಬರುವ ನಮ್ಮ ಬಂಧುಗಳಿಗೆ, 2018ರ ಆಗಸ್ಟಿನಲ್ಲಿ ತೆರೆದ ಮೋತಿಬಾಗಿನ ಮೆಟ್ರೋ ನಿಲ್ದಾಣದ ಹಲಗೆಯ ಮೇಲೆ ಈ ಹೆಸರು ದಿನವೂ ಕಾಣುತ್ತದೆ. ಕನ್ನಂಬಾಡಿಯ ಕಟ್ಟೆಯನ್ನು ಕಟ್ಟಿದವರು ಎಂದು ಮಕ್ಕಳೂ ಹೇಳಬಲ್ಲರು. ಮೋಟಾರಿನ ಕಥೆ ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಆದ್ದರಿಂದ ಆ ಮಹನೀಯರ ಜೀವನವನ್ನು ಈ ಸಲ ಆ ಕಡೆಯಿಂದಲೇ ನೋಡಿ ಬರೆಯುವ ಮನಸ್ಸಾಯಿತು.

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಇಂಜಿನಿಯರಾಗಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಸನ್ನದು ಪಡೆದದ್ದು 1886ರಲ್ಲಿ. ಎಂದರೆ, ನಮ್ಮ ಇಂಜಿನಿಯರು ಕೆಲಸಕ್ಕೆ ಸೇರಿದಾಗ ಆ ಗಾಡಿ ಇನ್ನೂ ಹುಟ್ಟಿರಲಿಲ್ಲ. ನಾಸಿಕ, ಖಾನದೇಶ, ಪುಣೆಗಳಲ್ಲಿ ಅವರು ಕುದುರೆಯ ಮೇಲೋ ಟಾಂಗಾದಲ್ಲೋ ಕುಳಿತು ಕಾಲುವೆಗಳ ಮೇಲ್ವಿಚಾರಣೆ ಮಾಡಿದವರು.

ಆ ಸೇವೆಯ ವಿವರಗಳನ್ನೆಲ್ಲ ಇಲ್ಲಿ ಹೇಳುತ್ತ ಕೂರುವುದಿಲ್ಲ. ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ನೀರು ಒದಗಿಸಿದ್ದು, ಖಡಕವಾಸಲಾ ಜಲಾಶಯಕ್ಕೆ ತಾವಾಗಿಯೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅಳವಡಿಸಿದ್ದು, ಮೂಸಿ ನದಿಯ ಪ್ರವಾಹದಿಂದ ನೊಂದ ಹೈದರಾಬಾದಿಗೆ ರಕ್ಷಣೆಯ ಯೋಜನೆ ಹಾಕಿಕೊಟ್ಟದ್ದು ಎಲ್ಲವೂ ಬೇರೆ ಕಡೆ ಬೇಕಾದಷ್ಟು ಬಂದಿವೆ. ನಮ್ಮ ಕಥೆಗೆ ಮುಖ್ಯವಾದದ್ದು 1898ರ ಜಪಾನ್ ಪ್ರವಾಸ. ರಜೆ ಪಡೆದು ಸ್ವಂತ ಆಸಕ್ತಿಯಿಂದ ಹೋಗಿದ್ದ ಅವರು, ನಮಗಿಂತ ಬಹಳ ಮುಂದಿರದಿದ್ದ ಒಂದು ಏಷ್ಯಾದ ರಾಷ್ಟ್ರ ಶಾಲೆಗಳನ್ನೂ ಕಾರ್ಖಾನೆಗಳನ್ನೂ ಒಟ್ಟೊಟ್ಟಿಗೆ ಕಟ್ಟುತ್ತಿದ್ದುದನ್ನು ಕಣ್ಣಾರೆ ಕಂಡು ಬಂದರು. ಆ ಹೋಲಿಕೆ ಅವರ ಮನಸ್ಸನ್ನು ಕೊನೆಯವರೆಗೂ ಬಿಡಲಿಲ್ಲ. ಜಪಾನಿನ ಮಾತು ಈ ಲೇಖನದಲ್ಲಿ ಮುಂದೆಯೂ ಬರುತ್ತದೆ.

1909ರಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರಾದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು. ಆ ಆರು ವರ್ಷಗಳಲ್ಲಿ ಮೈಸೂರು ಬ್ಯಾಂಕು ಬಂತು, ಕನ್ನಡ ಸಾಹಿತ್ಯ ಪರಿಷತ್ತು ಬಂತು, ವಿಶ್ವವಿದ್ಯಾನಿಲಯ ಬಂತು, ಗಂಧದೆಣ್ಣೆಯ ಕಾರ್ಖಾನೆ ಬಂತು, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ಬ್ಯಾಂಕಿನಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆಯುವ ನಮಗೆ ಈ ಪಟ್ಟಿಯಲ್ಲಿ ಬ್ಯಾಂಕಿನ ಮೇಲೆ ತುಸು ಹೆಚ್ಚು ಅಭಿಮಾನವಿದ್ದರೆ ವಾಚಕರು ಕ್ಷಮಿಸಬೇಕು. 1913ರಲ್ಲಿ ಸ್ಥಾಪಿತವಾದ ಆ ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಗುವವರೆಗೂ ಮೈಸೂರಿನ ಹೆಸರನ್ನು ಹೊತ್ತು ನಡೆಯಿತು. ಕೈಗಾರಿಕೆ ಬೇಕೆನ್ನುವವನು ಮೊದಲು ಹಣ ಹರಿಯುವ ಕಾಲುವೆಯನ್ನು ತೋಡಬೇಕೆಂಬುದು ನೀರಾವರಿ ಇಂಜಿನಿಯರಿಗೆ ಬೇಗ ಹೊಳೆದಿದ್ದರೆ ಆಶ್ಚರ್ಯವೇನು?

ಈ ಹೊತ್ತಿಗೆ ಮೋಟಾರು ಕಾರು ಮೈಸೂರಿಗೂ ಬಂದಿದ್ದಿತು. ಅರಮನೆಗಳಲ್ಲಿ ಅದು ವೈಭವದ ವಸ್ತು. ದಿವಾನರ ಪಾಲಿಗೆ ಕಚೇರಿಯ ಒಂದು ಸಲಕರಣೆ. 1918ರ ಕೊನೆಯಲ್ಲಿ, ಸರ್ಕಾರಿ ನೌಕರಿಯ ನೇಮಕಗಳ ನೀತಿಯ ವಿಚಾರವಾಗಿ ಮಹಾರಾಜರೊಡನೆ ಅಭಿಪ್ರಾಯಭೇದ ಬಂದು ಅವರು ದಿವಾನಗಿರಿಯನ್ನು ಬಿಟ್ಟರು. ರಾಜೀನಾಮೆ ಕೊಡಲು ಸರ್ಕಾರದ ಕಾರಿನಲ್ಲಿ ಹೋದವರು ಹಿಂತಿರುಗಿದ್ದು ಸ್ವಂತ ಕಾರಿನಲ್ಲಿ ಎಂದು ನಮ್ಮ ಕಡೆಯ ಹಿರಿಯರು ಹೇಳುತ್ತ ಬಂದಿದ್ದಾರೆ. ಸರ್ಕಾರದ ಮೇಣದ ಬತ್ತಿಯಲ್ಲಿ ಸ್ವಂತ ಕಾಗದ ಬರೆಯಲಿಲ್ಲವೆಂಬ ಕಥೆಯ ಜೊತೆಯ ಕಥೆ ಇದು. ನೋಡಿದವರ ಬರಹವನ್ನು ಹುಡುಕಿ ತಂದು ಸಾಬೀತು ಮಾಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಹಾಗೆ ನಡೆದಿರಲಾರದೆಂದು ಅನುಮಾನಿಸುವವರೂ ಇಲ್ಲ. ಒಬ್ಬ ಮನುಷ್ಯನ ವಿಷಯದಲ್ಲಿ ಊರು ಯಾವ ಬಗೆಯ ಕಥೆಯನ್ನು ನಂಬಲು ಸಿದ್ಧವಾಗಿರುತ್ತದೆ ಎಂಬುದೂ ಅವನ ಚರಿತ್ರೆಯ ಒಂದು ಭಾಗವೇ ಸರಿ.

ಅಧಿಕಾರ ಬಿಟ್ಟ ಮೇಲೆ ಅವರು 1919 ಮತ್ತು 1920ರಲ್ಲಿ ಜಪಾನು, ಅಮೆರಿಕ, ಯೂರೋಪುಗಳನ್ನು ಸುತ್ತಿ ಬಂದರು. ಹೊಸ ದೆಹಲಿಯ ನಿರ್ಮಾಣದ ಬಗ್ಗೆ 1922ರಲ್ಲಿ ನಡೆದ ವಿಚಾರಣೆಯ ಸಮಿತಿಯಲ್ಲಿಯೂ ಕೆಲಸ ಮಾಡಿದರೆಂಬುದನ್ನು ಇಲ್ಲಿನ ರಸ್ತೆಗಳಲ್ಲಿ ಓಡಾಡುವ ನಾವು ನೆನೆಯಬೇಕು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಭಾರ ಅವರ ಮೇಲೆ ಬಿತ್ತು. ಅವರೇ ಬಯಸಿ ಯೋಜಿಸಿದ್ದ ಕಾರ್ಖಾನೆಯದು. ಆದರೆ ಕುಲುಮೆ ಹೊತ್ತಿಕೊಳ್ಳುವ ವೇಳೆಗೆ ಕಬ್ಬಿಣದ ಬೆಲೆ ಇಳಿದಿತ್ತು, ನಷ್ಟ ಏರಿತ್ತು, ಮುಚ್ಚಿಬಿಡುವುದೇ ಲೇಸೆನ್ನುವವರು ಹೆಚ್ಚಾಗಿದ್ದರು. ಹೊರನಾಡಿನ ತಜ್ಞರ ಸ್ಥಾನಗಳಲ್ಲಿ ನಮ್ಮವರನ್ನು ತಯಾರು ಮಾಡಿ ಕೂರಿಸಿ, ವೆಚ್ಚವನ್ನು ಹಿಡಿದು, 1929ರ ವರೆಗೆ ದುಡಿದು ಅದನ್ನು ನಿಲ್ಲಿಸಿದರು. ತಮಗೆ ಸಲ್ಲಬೇಕಾದ ಸಂಭಾವನೆಯನ್ನು ಆಗ ಮುಟ್ಟದೆ, ಮುಂದೆ ಆ ಹಣವನ್ನು ಬೆಂಗಳೂರಿನ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆಗೆ ಸಲ್ಲುವಂತೆ ಮಾಡಿದರು.

ಭದ್ರಾವತಿಯ ಮಾತನ್ನು ಇಷ್ಟು ವಿಸ್ತರಿಸಿದ್ದಕ್ಕೆ ಕಾರಣವಿದೆ. ಮೋಟಾರು ಕಾರೆಂಬುದು ಒಂದು ವಸ್ತುವಲ್ಲ, ಸಾವಿರಾರು ವಸ್ತುಗಳ ಮೇಳ. ಎರಕ, ಉಕ್ಕಿನ ತಗಡು, ರಬ್ಬರು, ಗಾಜು, ಚರ್ಮ, ಬಣ್ಣ, ತಂತಿ, ಬ್ಯಾಟರಿ ಎಲ್ಲವೂ ಅದಕ್ಕೆ ಬೇಕು. ಒಂದು ದೊಡ್ಡ ಕಾರ್ಖಾನೆಯ ಸುತ್ತ ನೂರು ಸಣ್ಣ ಕಾರ್ಖಾನೆಗಳು ಬದುಕುತ್ತವೆ. ಶಿವನಸಮುದ್ರದಲ್ಲಿ 1902ರಿಂದ ವಿದ್ಯುಚ್ಛಕ್ತಿ ಇದ್ದಿತು. ಭದ್ರಾವತಿಯಲ್ಲಿ ಕಬ್ಬಿಣವಿದ್ದು, 1936ರಲ್ಲಿ ಉಕ್ಕಿನ ಸ್ಥಾವರವೂ ಸೇರಿತು. ಬೆಂಗಳೂರಿನಲ್ಲಿ 1917ರಿಂದ ಇಂಜಿನಿಯರುಗಳು ತಯಾರಾಗುತ್ತಿದ್ದರು. ಬ್ಯಾಂಕಿನಲ್ಲಿ ಠೇವಣಿಯಿದ್ದಿತು. ಒಂದೊಂದಾಗಿ ನೋಡಿದರೆ ಬೇರೆ ಬೇರೆಯೆಂದು ಕಾಣುವ ಈ ಕೆಲಸಗಳೆಲ್ಲ ಒಂದು ಕಡೆಗೆ ಮುಖ ಮಾಡಿ ನಿಂತ ಮೆಟ್ಟಿಲುಗಳಂತೆ ನಮಗೆ ತೋರುತ್ತವೆ. ಅವರ ಮನಸ್ಸಿನಲ್ಲಿಯೂ ಆ ಕ್ರಮವೇ ಇದ್ದಿತೆಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಕೊನೆಯ ಮೆಟ್ಟಿಲಿಗೆ ಅವರು ಕಾಲಿಟ್ಟದ್ದಂತೂ ನಿಜ.

ಆಗ ದೇಶದ ಸ್ಥಿತಿ ಹೇಗಿತ್ತೆಂಬುದನ್ನು ಒಂದು ವರ್ಷವನ್ನು ಹಿಡಿದು ನೋಡೋಣ. 1934ರಲ್ಲಿ ರಾಜಕೋಟೆಯ ಠಾಕೂರರಿಗಾಗಿ ಇಂಗ್ಲೆಂಡಿನಲ್ಲಿ ಒಂದು ರೋಲ್ಸ್ ರಾಯ್ಸ್ ಫ್ಯಾಂಟಮ್ ಕಾರು ಸಿದ್ಧವಾಯಿತು. ಕೇಸರಿ ಬಣ್ಣದ ಆ ಗಾಡಿಗೆ ಸ್ಟಾರ್ ಆಫ್ ಇಂಡಿಯಾ ಎಂದು ಹೆಸರು. ಕೈತಪ್ಪಿ ದೇಶ ಬಿಟ್ಟು ಹೋಗಿದ್ದ ಅದನ್ನು 2010ರಲ್ಲಿ ಆ ಮನೆತನದವರೇ ಹರಾಜಿನಲ್ಲಿ ಮರಳಿ ಕೊಂಡರು. ಹಳೆಯ ಕಾರುಗಳ ಹುಚ್ಚಿರುವವರು ಇಂದಿಗೂ ಕನಸಿನಲ್ಲಿ ಕಾಣುವ ಗಾಡಿಗಳಲ್ಲಿ ಅದು ಒಂದು. ಅದೇ 1934ರಲ್ಲಿ ವಿಶ್ವೇಶ್ವರಯ್ಯನವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಒಂದು ಕಡೆ, ದುಡ್ಡಿದ್ದವರು ಬೇಕಾದ ಕಾರನ್ನು ತರಿಸಿಕೊಳ್ಳುತ್ತಿದ್ದರು. ಇನ್ನೊಂದು ಕಡೆ, ದುಡ್ಡು ಏಕೆ ಹೊರಗೇ ಹೋಗಬೇಕೆಂದು ಒಬ್ಬರು ಲೆಕ್ಕ ಹಾಕುತ್ತಿದ್ದರು.

ಕಾರುಗಳು ಇಲ್ಲಿ ತಯಾರಾಗುತ್ತಲೇ ಇರಲಿಲ್ಲವೆ ಎಂದರೆ, ಜೋಡಣೆಯಾಗುತ್ತಿದ್ದವು. ಅಮೆರಿಕದ ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಕಾರ್ಖಾನೆ ತೆರೆದಿತ್ತು. ಫೋರ್ಡ್ ಕಂಪನಿಯೂ ಇಲ್ಲಿ ಬೇರೂರಿದ್ದಿತು. ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಹಡಗು ಹತ್ತಿ ಬರುವುವು, ಇಲ್ಲಿನ ಕೂಲಿಯವರು ತಿರುಪು ಬಿಗಿದು ನಿಲ್ಲಿಸುವರು. ಹಪ್ಪಳವನ್ನು ಅಂಗಡಿಯಿಂದ ತಂದು ಮನೆಯಲ್ಲಿ ಕರಿದ ಮಾತ್ರಕ್ಕೆ ಅದು ಮನೆಯ ಹಪ್ಪಳವಾದೀತೆ? ವಿಶ್ವೇಶ್ವರಯ್ಯನವರಿಗೆ ಬೇಕಾಗಿದ್ದುದು ಇಂಜಿನ್ನನ್ನೂ ಇಲ್ಲಿಯೇ ಎರಕ ಹೊಯ್ಯುವ ಕಾರ್ಖಾನೆ. 1935ರಲ್ಲಿ, ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ಯೂರೋಪಿಗೂ ಅಮೆರಿಕಕ್ಕೂ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದರು. ಮಿತವಾದ ಬೆಲೆಯ ಕಾರುಗಳನ್ನೂ ಲಾರಿಗಳನ್ನೂ ಮಾಡುವ ಕಾರ್ಖಾನೆಯೊಂದರ ಯೋಜನೆಯನ್ನು ಬಂಡವಾಳದಿಂದ ಯಂತ್ರದವರೆಗೆ ವಿವರವಾಗಿ ಬರೆದು ಮುಂಬಯಿಯ ಉದ್ಯಮಿಗಳ ಮುಂದಿಟ್ಟರು.

ಇಲ್ಲಿ ಬಂದ ತೊಡಕು ಯಂತ್ರದ್ದಲ್ಲ, ಬಂಡವಾಳದ್ದು. ಷೇರುದಾರನೆಂಬವನು ಅಂಜುಬುರುಕ ಪ್ರಾಣಿ. ಹೊಸ ಕಾರ್ಖಾನೆ ಮೊದಲ ಕೆಲವು ವರ್ಷ ಲಾಭ ತೋರಿಸದೆಂಬುದು ಅವನಿಗೆ ಗೊತ್ತು. ಅಲ್ಲಿಯವರೆಗೆ ತನ್ನ ಹಣಕ್ಕೆ ಬಡ್ಡಿ ಯಾರು ಕೊಡುತ್ತಾರೆ? ಇದಕ್ಕೆ ವಿಶ್ವೇಶ್ವರಯ್ಯನವರು ಹುಡುಕಿದ ಉಪಾಯ ಸರ್ಕಾರದ ಖಾತರಿ. ಲಾಭ ಬಾರದ ವರ್ಷಗಳಲ್ಲಿ ಬಂಡವಾಳದ ಮೇಲೆ ಗೊತ್ತಾದ ಬಡ್ಡಿಯನ್ನು ಸರ್ಕಾರ ತುಂಬಿಕೊಡುವುದು. ಇದರಲ್ಲಿ ಸರ್ಕಾರ ಇಡೀ ಬಂಡವಾಳವನ್ನು ಹಾಕುವುದಿಲ್ಲವೆಂಬುದನ್ನು ಗಮನಿಸಬೇಕು. ಉದಾಹರಣೆಗೆ ಒಂದು ಕೋಟಿ ರೂಪಾಯಿಗೆ ನೂರಕ್ಕೆ ಮೂರರಂತೆ ಖಾತರಿ ಕೊಟ್ಟರೆ, ಕಾರ್ಖಾನೆ ಪೂರ್ತಿ ಬರಿಗೈಯಾದ ವರ್ಷದಲ್ಲಿಯೂ ಸರ್ಕಾರಕ್ಕೆ ಬೀಳುವ ಹೊರೆ ಮೂರು ಲಕ್ಷ ಮಾತ್ರ. ಅಷ್ಟರ ಬಲದ ಮೇಲೆ ಜನರ ಕೋಟಿ ರೂಪಾಯಿ ಹೊರಗೆ ಬರುತ್ತದೆ. ನಮ್ಮ ದೇಶದ ಮೊದಲ ರೈಲುಮಾರ್ಗಗಳನ್ನು ಹಾಕಿದ ಇಂಗ್ಲೆಂಡಿನ ಕಂಪನಿಗಳಿಗೆ 19ನೆಯ ಶತಮಾನದಲ್ಲಿ ಇದೇ ಬಗೆಯ ಖಾತರಿಯನ್ನು, ಅದೂ ನೂರಕ್ಕೆ ಐದರಂತೆ, ನಮ್ಮ ತೆರಿಗೆಯ ಹಣದಿಂದಲೇ ಕೊಡಲಾಗಿತ್ತು. ಅವರಿಗೆ ಆಗಿದ್ದು ನಮಗೇಕೆ ಆಗಬಾರದೆಂಬುದು ಬಲವಾದ ವಾದ.

1937ರಲ್ಲಿ ಮುಂಬಯಿಯಲ್ಲಿ ಬಿ.ಜಿ. ಖೇರರ ನೇತೃತ್ವದ ಕಾಂಗ್ರೆಸ್ ಮಂತ್ರಿಮಂಡಲ ಬಂದಾಗ ಈ ವಾದಕ್ಕೆ ಕಿವಿಗೊಡುವವರು ಸಿಕ್ಕಿದರು. ಖಾತರಿಗೆ ಮಂತ್ರಿಮಂಡಲ ಒಪ್ಪುವ ಹಂತಕ್ಕೂ ಮಾತು ಬಂದಿತು. ಆದರೆ 1939ರ ಸೆಪ್ಟೆಂಬರಿನಲ್ಲಿ ಯುದ್ಧ ಹತ್ತಿತು. ಭಾರತೀಯರನ್ನು ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದದ್ದನ್ನು ಪ್ರತಿಭಟಿಸಿ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಖಾತರಿಯ ಮಾತು ಅಲ್ಲಿಗೇ ಬಿದ್ದುಹೋಯಿತು.

ಯೋಜನೆಯನ್ನು ಮುಂದಕ್ಕೆ ಎಳೆಯಲು ಹೆಗಲು ಕೊಟ್ಟವರು ವಾಲಚಂದ ಹೀರಾಚಂದರು. 1882ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. ಕನ್ನಡ, ಮರಾಠಿ, ತೆಲುಗು ಮೂರೂ ಬೀದಿಯಲ್ಲಿ ಕೇಳುವ ಊರದು. ರೈಲ್ವೆ ಗುತ್ತಿಗೆಯಿಂದ ಮೇಲೆ ಬಂದು, ಸಿಂಧಿಯಾ ಹಡಗು ಕಂಪನಿಯನ್ನು ಕಟ್ಟಿ ಬ್ರಿಟಿಷ್ ಹಡಗುಗಳೊಡನೆ ಸೆಣಸಿದ ಗಟ್ಟಿಗರು. ಅಮೆರಿಕಕ್ಕೆ ಹೋಗಿ ಮೊದಲು ಫೋರ್ಡ್ ಕಂಪನಿಯೊಡನೆ ಮಾತನಾಡಿದರು. ಭಾರತದ ಮಾರುಕಟ್ಟೆ ಆ ಕಂಪನಿಯ ಕೆನಡಾ ಶಾಖೆಯ ಅಧೀನದಲ್ಲಿದ್ದುದರಿಂದ ಅದು ಕೂಡಿಬರಲಿಲ್ಲ. ಆಮೇಲೆ ಕ್ರೈಸ್ಲರ್ ಕಂಪನಿ ಒಪ್ಪಿ 1940ರಲ್ಲಿ ಕರಾರಾಯಿತು.

ಕಾರ್ಖಾನೆ ಎಲ್ಲಿ? ಈ ಪ್ರಶ್ನೆಗೆ ಬಂದ ಉತ್ತರ ಬೆಂಗಳೂರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ಲರ ಮೈಸೂರು ಸರ್ಕಾರ ನೆರವು ನೀಡಲು ಮುಂದೆ ಬಂದಿತು. ಹತ್ತಾರು ವರ್ಷ ಕಟ್ಟಿದ ಮೆಟ್ಟಿಲುಗಳ ತುದಿಯಲ್ಲಿ ಬಾಗಿಲು ತೆರೆಯುವ ಹಾಗೆ ಕಂಡಿತು. ಆಗ ಭಾರತ ಸರ್ಕಾರ ಅಡ್ಡ ಬಂದಿತು. ಮೋಟಾರು ಕಾರ್ಖಾನೆ ಯುದ್ಧದ ಪ್ರಯತ್ನಕ್ಕೆ ಅವಶ್ಯಕವಲ್ಲ, ಯಂತ್ರಗಳಿಗೆ ಡಾಲರು ಕೊಡಲಾಗದು, ಹಡಗಿನಲ್ಲಿ ಜಾಗವಿಲ್ಲ ಎಂಬ ನೆಪಗಳು ಬಂದವು. ಯುದ್ಧಕ್ಕೆ ಬೇಕಾದ ಲಾರಿಗಳನ್ನು ಹೊರಗಿನಿಂದ ತರಿಸುತ್ತಿದ್ದ ಸರ್ಕಾರವೇ ಲಾರಿ ಮಾಡುವ ಕಾರ್ಖಾನೆ ಅವಶ್ಯಕವಲ್ಲವೆಂದದ್ದು ವಿಚಿತ್ರವೆನಿಸುತ್ತದೆ. ಆಮದು ಕಾರುಗಳ ಮೇಲಿನ ಸುಂಕವೂ ಇಂಗ್ಲೆಂಡಿನ ತಯಾರಕರ ಹಿತವೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿದ್ದುವೆಂಬುದನ್ನು ಸೇರಿಸಿಕೊಂಡರೆ ವಿಚಿತ್ರವೇನೂ ಉಳಿಯುವುದಿಲ್ಲ. ಸಂಸ್ಥಾನವೊಂದು ದೆಹಲಿಯ ಒತ್ತಡವನ್ನು ಎಷ್ಟು ದಿನ ತಡೆದೀತು? ಕೊಟ್ಟ ಮಾತಿನಿಂದ ಮೈಸೂರು ಹಿಂದೆ ಸರಿಯಬೇಕಾಯಿತು.

ಇನ್ನೊಂದು ಸೋಜಿಗ ನೋಡಿ. ಅದೇ ವಾಲಚಂದರು, ಅದೇ ಮೈಸೂರು ಸರ್ಕಾರ, ಅದೇ ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ನೋಂದಾಯಿಸಿದರು. 1941ರಲ್ಲಿ ಅಲ್ಲಿ ಜೋಡಿಸಿದ ವಿಮಾನ ಹಾರಿತು. ಜಪಾನಿನ ಭಯ ಪೂರ್ವದಿಂದ ಸಮೀಪಿಸುತ್ತಿದ್ದುದರಿಂದ ವಿಮಾನ ಅವಶ್ಯಕವಾಯಿತು. ಆಕಾಶದಲ್ಲಿ ಹಾರುವುದಕ್ಕೆ ಅಪ್ಪಣೆ ಸಿಕ್ಕಿತು, ನೆಲದ ಮೇಲೆ ಓಡುವುದಕ್ಕೆ ಸಿಕ್ಕಲಿಲ್ಲ.

ಈಗ ಜಪಾನಿನ ಮಾತಿಗೆ ಬರೋಣ. ಅಲ್ಲಿಯೂ ನಮ್ಮಲ್ಲಿದ್ದಂತೆಯೇ ಫೋರ್ಡಿನವರು 1925ರಲ್ಲಿ ಯೊಕೊಹಾಮಾದಲ್ಲೂ ಜನರಲ್ ಮೋಟಾರ್ಸಿನವರು 1927ರಲ್ಲಿ ಒಸಾಕಾದಲ್ಲೂ ಜೋಡಣೆಯ ಕಾರ್ಖಾನೆ ಹಾಕಿದ್ದರು. 1936ರಲ್ಲಿ ಜಪಾನ್ ಸರ್ಕಾರ ಕಾಯಿದೆ ಮಾಡಿ ಹೊರಗಿನವರನ್ನು ಕಟ್ಟಿಹಾಕಿ, ಸ್ವದೇಶದ ತಯಾರಕರನ್ನು ಎತ್ತಿ ಹಿಡಿಯಿತು. ಮಗ್ಗದ ಯಂತ್ರ ಮಾಡುತ್ತಿದ್ದ ತೊಯೊದಾ ಮನೆತನದವರು 1937ರಲ್ಲಿ ಟೊಯೋಟಾ ಮೋಟಾರು ಕಂಪನಿಯನ್ನು ಸ್ಥಾಪಿಸಿದರು. ವಿಶ್ವೇಶ್ವರಯ್ಯನವರು ತಮ್ಮ ಯೋಜನೆಯ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಅಲೆಯುತ್ತಿದ್ದುದೂ ಅದೇ ವರ್ಷಗಳಲ್ಲಿ. ಆ ಕಾಯಿದೆಯನ್ನು ತಂದ ಸರ್ಕಾರದ ಉದ್ದೇಶ ಸೈನ್ಯಕ್ಕೆ ಲಾರಿ ಒದಗಿಸುವುದಾಗಿತ್ತು, ಅದರಿಂದ ಏಷ್ಯಾಕ್ಕೆ ಆದ ಅನಾಹುತವನ್ನು ನಾವು ಮರೆಯಬಾರದು. ಆದರೂ ಕಾರ್ಖಾನೆಯ ಮಟ್ಟಿಗೆ ನೋಡುವುದಾದರೆ, ಅಲ್ಲಿದ್ದುದು ಸ್ವಂತ ಸರ್ಕಾರ, ಇಲ್ಲಿದ್ದುದು ಪರರ ಸರ್ಕಾರ. ಬುದ್ಧಿಯಲ್ಲಿಯೋ ಕೈಚಳಕದಲ್ಲಿಯೋ ನಾವು ಹಿಂದಿದ್ದೆವೆನ್ನಲು ಆಧಾರ ಕಾಣುವುದಿಲ್ಲ.

ವಾಲಚಂದರು ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿ, ಮುಂಬಯಿಯ ಕುರ್ಲಾದಲ್ಲಿ ಕಾರ್ಖಾನೆ ಕಟ್ಟಿ, 1947ರಲ್ಲಿ ಕ್ರೈಸ್ಲರ್ ಬಳಗದ ಗಾಡಿಗಳನ್ನು ಹೊರತಂದರು. ಅಷ್ಟರಲ್ಲಿ ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್ 1942ರಲ್ಲಿಯೇ ಹುಟ್ಟಿದ್ದಿತು. ಬೆಂಗಳೂರಿನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ವಿಶ್ವೇಶ್ವರಯ್ಯನವರಿಗೆ ಆಗ ಎಂಬತ್ತೈದು ದಾಟಿತ್ತು. ಮುನಿಸಿಕೊಂಡು ಮೂಲೆ ಸೇರುವ ಸ್ವಭಾವ ಅವರದಲ್ಲ. 1941ರಲ್ಲಿ ಆರಂಭವಾದ ಅಖಿಲ ಭಾರತ ತಯಾರಕರ ಸಂಸ್ಥೆಯ ಅಧ್ಯಕ್ಷರಾಗಿ ಊರೂರು ತಿರುಗಿ, ಸಣ್ಣ ಕೈಗಾರಿಕೆಗಳ ವಿಷಯ ಹೇಳುತ್ತಲೇ ಇದ್ದರು. 1951ರಲ್ಲಿ ತಮ್ಮ ಸೇವಾಜೀವನದ ನೆನಪುಗಳನ್ನು ಪುಸ್ತಕವಾಗಿ ಹೊರತಂದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು.

ಅವರು ಹೇಳುತ್ತ ಬಂದದ್ದನ್ನು ಸ್ವತಂತ್ರ ಭಾರತದ ಸರ್ಕಾರ ಐವತ್ತರ ದಶಕದಲ್ಲಿ ನೀತಿಯಾಗಿಯೇ ಹಿಡಿಯಿತು. ಕ್ರಮಕ್ರಮವಾಗಿ ಬಿಡಿಭಾಗಗಳನ್ನು ಇಲ್ಲಿಯೇ ಮಾಡುವ ಕಾರ್ಯಕ್ರಮವಿಲ್ಲದವರಿಗೆ ಇಲ್ಲಿ ಜಾಗವಿಲ್ಲವೆಂದಾಯಿತು. ಜನರಲ್ ಮೋಟಾರ್ಸ್ 1954ರಲ್ಲಿ ಮುಚ್ಚಿತು, ಫೋರ್ಡೂ ಹೊರಟಿತು. ಕುರ್ಲಾದಲ್ಲಿ ಇಟಲಿಯ ಫಿಯಟ್ ಕಂಪನಿಯ ಸಹಕಾರದಿಂದ ಅದೇ ವರ್ಷ 1100 ಮಾದರಿಯ ಕಾರು ಬಂದಿತು. ವಾಲಚಂದರು ಅದನ್ನು ಕಾಣಲಿಲ್ಲ, 1953ರಲ್ಲಿಯೇ ತೀರಿಕೊಂಡಿದ್ದರು. ವಿಶ್ವೇಶ್ವರಯ್ಯನವರು ನೂರು ತುಂಬಿಸಿ 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ.

ಆ ಫಿಯಟ್ಟೇ 1974ರಲ್ಲಿ ಪ್ರೀಮಿಯರ್ ಪದ್ಮಿನಿಯೆಂದು ಹೆಸರು ಬದಲಿಸಿಕೊಂಡಿತು. 1089 ಸಿ.ಸಿ.ಯ ಇಂಜಿನ್, ಸ್ಟೀರಿಂಗಿನ ಪಕ್ಕದಲ್ಲಿಯೇ ಗೇರಿನ ಕಡ್ಡಿ. ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾದು ಕೊಂಡ ತಲೆಮಾರು ನಮ್ಮ ಹಿರಿಯರದು. ಮನೆಯ ಮುಂದೆ ಅದು ಬಂದು ನಿಂತ ದಿನ ನಿಂಬೆಹಣ್ಣನ್ನು ಚಕ್ರಕ್ಕಿಟ್ಟು, ಕುಂಕುಮ ಹಚ್ಚಿ, ನೆರೆಯ ಪಂಜಾಬಿಗಳಿಗೂ ಸಿಹಿ ಹಂಚಿದ ಕುಟುಂಬಗಳು ಈ ಸಂಚಿಕೆಯ ವಾಚಕರಲ್ಲಿಯೇ ಇದ್ದಾವು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅದರ ತಯಾರಿಕೆ ನಿಂತಿತು. ಮುಂಬಯಿಯ ರಸ್ತೆಗಳಿಂದ ಆ ಕಪ್ಪು ಹಳದಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ಪೂರ್ತಿ ಮರೆಯಾಯಿತು. ದೆಹಲಿಯ ಸರ್ಕಾರಿ ಬಂಗಲೆಗಳ ಮುಂದೆ ಬಿಳಿಯ ಅರಸನಂತೆ ನಿಲ್ಲುತ್ತಿದ್ದ ಅಂಬಾಸಡರಿನ ಕಾರ್ಖಾನೆ 2014ರಲ್ಲಿ ಮುಚ್ಚಿತು.

ಕರ್ನಾಟಕಕ್ಕೆ ಮೋಟಾರು ಬರಲೇ ಇಲ್ಲವೆ? ಸ್ವಲ್ಪ ಸ್ವಲ್ಪವಾಗಿ ಬಂತು. 1951ರಲ್ಲಿ ಬೆಂಗಳೂರಿಗೆ ಬಂದ ಮೈಕೋ ಕಂಪನಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ಮಾಡಿತು. ಮೈಸೂರಿನಲ್ಲಿ ಅರವತ್ತರ ದಶಕದ ಆರಂಭದಿಂದ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರು ಸೈಕಲ್ಲುಗಳು ಹೊರಟವು. ಆ ಜಾವಾ, ಯೆಜ್ದಿಗಳಿಗೆ ಇಂದು ಸಂಗ್ರಾಹಕರಲ್ಲಿ ಬಹಳ ಬೇಡಿಕೆ. ಪೂರ್ಣ ಪ್ರಮಾಣದ ದೊಡ್ಡ ಕಾರು ಕಾರ್ಖಾನೆ ಬಂದದ್ದು ಬಿಡದಿಗೆ. 1997ರಲ್ಲಿ ಕಿರ್ಲೋಸ್ಕರರ ಜೊತೆ ಸೇರಿ ಅದನ್ನು ಸ್ಥಾಪಿಸಿದ ಕಂಪನಿ ಯಾವುದು ಎಂದರೆ, ಟೊಯೋಟಾ. ವಿಶ್ವೇಶ್ವರಯ್ಯನವರು ಇದ್ದಿದ್ದರೆ ಏನೆಂದುಕೊಳ್ಳುತ್ತಿದ್ದರೋ ನಾವು ಊಹಿಸಲಾರೆವು. ಮಕ್ಕಳಿಗೆ ಕೆಲಸ ಸಿಕ್ಕಿತೆಂದು ಸಂತೋಷಪಟ್ಟು, ಇಂಜಿನ್ ಎಲ್ಲಿ ಎರಕವಾಗುತ್ತದೆ ಎಂದು ಕೇಳುತ್ತಿದ್ದರೇನೋ.

ಈಗ ಸಂಗ್ರಾಹಕರ ಮಾತು. ನಮ್ಮ ಲೆಕ್ಕದ ಪುಸ್ತಕದಲ್ಲಿ ಕಾರೆಂಬುದು ಸವೆಯುವ ಆಸ್ತಿ. ವರಮಾನ ತೆರಿಗೆಯ ಲೆಕ್ಕಕ್ಕೆ ಸಾಮಾನ್ಯ ಕಾರಿನ ಬೆಲೆಯನ್ನು ವರ್ಷಕ್ಕೆ ನೂರಕ್ಕೆ 15ರಂತೆ ಇಳಿಸುತ್ತ ಹೋಗುತ್ತೇವೆ. ಇಳಿದು ಇಳಿದು ಏನೂ ಇಲ್ಲವೆಂಬಷ್ಟಾದ ಮೇಲೆ ಹಳೆಯ ಕಾರಿಗೆ ಬೆಲೆ ಏರತೊಡಗುವುದು ಬಿ.ಕಾಂ. ಪಠ್ಯದಲ್ಲಿಲ್ಲದ ವಿಚಾರ. ಮಹಾರಾಜರ ರೋಲ್ಸ್ ರಾಯ್ಸು ನಮ್ಮಂಥವರ ಕೈಗೆ ಎಟುಕದು. ಪದ್ಮಿನಿಯಾದರೆ ಸಂಬಳದಾರನ ಕನಸಿಗೂ ಎಟುಕುತ್ತದೆ. ಆದರೆ ದೆಹಲಿಯಲ್ಲಿ ಒಂದು ತೊಡಕಿದೆ. ಹೊಗೆಯ ಉಪಟಳದಿಂದ, ಹದಿನೈದು ವರ್ಷ ದಾಟಿದ ಪೆಟ್ರೋಲು ಗಾಡಿಗಳೂ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳೂ ರಾಜಧಾನಿ ವಲಯದ ರಸ್ತೆಗಿಳಿಯಬಾರದೆಂದು ಹಸಿರು ನ್ಯಾಯಮಂಡಲಿ ಹೇಳಿತು, ಸುಪ್ರೀಂ ಕೋರ್ಟು 2018ರಲ್ಲಿ ಅದನ್ನು ಎತ್ತಿಹಿಡಿಯಿತು. ಆ ಮೇಲೂ ಈ ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ನಮ್ಮ ಮಕ್ಕಳ ಶ್ವಾಸಕೋಶದ ಮುಂದೆ ಯಾವ ಕಾರೂ ದೊಡ್ಡದಲ್ಲ, ಆದ್ದರಿಂದ ಈ ನಿಯಮದ ಮೇಲೆ ನಮಗೆ ಮುನಿಸಿಲ್ಲ. ಆದರೆ ಹದಿನೈದಕ್ಕೂ ಐವತ್ತಕ್ಕೂ ನಡುವಿನ ವಯಸ್ಸಿನ ಪದ್ಮಿನಿ ಇಲ್ಲಿ ಒಂದು ಬಗೆಯ ತ್ರಿಶಂಕು.

ಐವತ್ತು ಏಕೆಂದರೆ, 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆಂದು ಪ್ರತ್ಯೇಕ ನಿಯಮ ಹೊರಡಿಸಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ಎರಡು ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮೇಲೆ ಮರುನೋಂದಣಿಗೆ 5,000 ರೂಪಾಯಿ. ಸಂಖ್ಯೆಯ ಹಲಗೆಯಲ್ಲಿ ರಾಜ್ಯದ ಅಕ್ಷರಗಳ ಮುಂದೆ ವಿ.ಎ. ಎಂಬ ಗುರುತು ಇರುತ್ತದೆ. ಪ್ರದರ್ಶನ, ಮೆರವಣಿಗೆ, ರಿಪೇರಿ, ಪೆಟ್ರೋಲು ತುಂಬಿಸುವುದು ಮುಂತಾದ ಕೆಲಸಗಳಿಗೆ ಹೊರತು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅದನ್ನು ಬಳಸುವಂತಿಲ್ಲ. 1974ರಲ್ಲಿ ನೋಂದಣಿಯಾದ ಮೊದಲ ಪದ್ಮಿನಿಗಳು 2024ರಲ್ಲಿ ಈ ವಯಸ್ಸನ್ನು ಮುಟ್ಟಿದವು. ಅದಕ್ಕಿಂತ ಹಿಂದಿನ, ಫಿಯಟ್ ಎಂದೇ ಹೆಸರಿದ್ದ 1100 ಮಾದರಿಯವು ಈಗಾಗಲೇ ಅರ್ಹವಾಗಿವೆ. ಕೊಳ್ಳುವ ಮನಸ್ಸುಳ್ಳವರು ನೋಂದಣಿ ಪುಸ್ತಕದಲ್ಲಿ ಮೊದಲ ನೋಂದಣಿಯ ತಾರೀಖನ್ನೂ ಇಂಜಿನ್ನಿನ ಸಂಖ್ಯೆಯನ್ನೂ ತಾಳೆ ನೋಡದೆ ಮುಂಗಡ ಕೊಡಬಾರದು.

ಕೊಳ್ಳಲಾಗದವರಿಗೆ ಕಣ್ಣಿಗೆ ಹಬ್ಬವಂತೂ ಉಂಟು. ಗುರುಗ್ರಾಮವನ್ನು ದಾಟಿ ಹರಿಯಾಣದ ತಾವಡೂ ಎಂಬಲ್ಲಿ 2013ರ ಡಿಸೆಂಬರಿನಲ್ಲಿ ವಾಹನಗಳ ಒಂದು ದೊಡ್ಡ ವಸ್ತುಸಂಗ್ರಹಾಲಯ ತೆರೆದಿದೆ. ಎತ್ತಿನ ಗಾಡಿ, ಪಲ್ಲಕ್ಕಿಗಳಿಂದ ಹಿಡಿದು ರೈಲು, ಕಾರು, ವಿಮಾನಗಳವರೆಗೆ ಎಲ್ಲವನ್ನೂ ಮಕ್ಕಳಿಗೆ ಒಂದೇ ದಿನದಲ್ಲಿ ತೋರಿಸಬಹುದು. ಬುತ್ತಿ ಕಟ್ಟಿಕೊಂಡು ಬೆಳಗ್ಗೆಯೇ ಹೊರಡುವುದು ಲೇಸು.